ಗ್ರೂಪ್ ಆರಿಸುವ ಮೊದಲು

ಮಕ್ಕಳ ಓದಿನ ಬಗ್ಗೆ ಮಾತಾಡು ಅಂದರು. ನಾನು ಶಿಕ್ಷಕಿಯಲ್ಲ, ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಆದರೆ ಈ ವಿಷಯದಲ್ಲಿ ಒಂದು ತಪ್ಪು ಸಲಹೆ ಕೊಟ್ಟಿದ್ದೇನೆ. ಅದನ್ನೇ ಹೇಳುತ್ತೇನೆ.

ಮಂಗಳಗಿರಿ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಸೀರೆ, ಆಮೇಲೆ ಪಾನಕದ ನರಸಿಂಹಸ್ವಾಮಿ. ಈಗ ಏಮ್ಸ್ ಕೂಡ. 2018ರಲ್ಲಿ 50 ವಿದ್ಯಾರ್ಥಿಗಳ ಮೊದಲ ಎಂಬಿಬಿಎಸ್ ತಂಡಕ್ಕೆ ವಿಜಯವಾಡದ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಲ್ಲಿ ತರಗತಿ ನಡೆದವು. ಆಮೇಲೆ ಇಲ್ಲಿ ಕಟ್ಟಡಗಳು ಎದ್ದವು. ಅದರ ಮುಂದೆ ಹಾದು ಹೋಗುವಾಗಲೆಲ್ಲ ನನ್ನ ನಾದಿನಿಯ ಮಗಳು ಕಾರಿನ ಕಿಟಕಿಗೆ ಅಂಟಿಕೊಂಡು ನೋಡುತ್ತಿದ್ದಳು.

ಹತ್ತನೇ ತರಗತಿ ಮುಗಿದ ಮೇಲೆ ಅವಳು ನನ್ನನ್ನು ಕೇಳಿದಳು, "ಅತ್ತೆ, ಯಾವ ಗ್ರೂಪ್ ತಗೊಳ್ಳಲಿ?" ನಾನು ದಾವಣಗೆರೆಯಲ್ಲಿ ಪಿಸಿಎಂಬಿ ಓದಿದವಳು. ಆಗ ಕರ್ನಾಟಕದಲ್ಲಿ ವೈದ್ಯಕೀಯಕ್ಕೂ ಇಂಜಿನಿಯರಿಂಗ್‌ಗೂ ಒಂದೇ ಸಿಇಟಿ. ಮೆಡಿಕಲ್ ರ‍್ಯಾಂಕ್ ಕೈಕೊಟ್ಟಿತು, ಎರಡು ದಿನ ಅತ್ತೆ, ಇಂಜಿನಿಯರಿಂಗ್ ಸೇರಿದೆ. ಗಣಿತ ಕೈಯಲ್ಲಿತ್ತಲ್ಲ! ಆ ಅನುಭವದ ಮೇಲೆಯೇ, "ಡಾಕ್ಟರ್ ಆಗಬೇಕಾದರೆ ಬೈಪಿಸಿ ತಗೋ, ಆಗದಿದ್ದರೆ ಇಂಜಿನಿಯರಿಂಗ್ ಇದ್ದೇ ಇದೆ" ಅಂದುಬಿಟ್ಟೆ. ಅವಳು ಸೇರಿದ 2022ರಲ್ಲಿ ಇಲ್ಲಿನ ಬೈಪಿಸಿಯಲ್ಲಿ ಗಣಿತವೇ ಇರಲಿಲ್ಲ. ಅಷ್ಟನ್ನೂ ವಿಚಾರಿಸದೆ ಹೇಳಿದ್ದೆ.

ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. ಗಣಿತಕ್ಕೆ ಒಂದೂ ಇಲ್ಲ. ಹಾಗಾಗಿ ಬೈಪಿಸಿ ಆರಿಸಿದ್ದು ತಪ್ಪಲ್ಲ. ಸೀಟು ಸಿಗದಿದ್ದರೆ ಏನು ಅನ್ನುವ ಪ್ರಶ್ನೆ ಕೇಳದೆ ಆರಿಸಿದ್ದು ತಪ್ಪು. ಅವಳಿಗೆ ಸೀಟು ಸಿಗಲಿಲ್ಲ. ಫಾರ್ಮಸಿ, ಕೃಷಿ, ನರ್ಸಿಂಗ್, ಫಿಸಿಯೋಥೆರಪಿ, ಬಿ.ಎಸ್ಸಿ ಇದ್ದವು. ಅವಳಿಗೆ ಇಷ್ಟವಾಗಿದ್ದು ಕಂಪ್ಯೂಟರ್ ಇಂಜಿನಿಯರಿಂಗ್. "ನೀವೇ ಹೇಳಿದ್ರಲ್ವಾ ಅತ್ತೆ?" ಅಂದಳು. ಕೋಪದಿಂದ ಅಂದಿದ್ದರೆ ಸಹಿಸಬಹುದಿತ್ತು, ಮೆತ್ತಗೆ ಅಂದಳು.

ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಇದು ಅರ್ಥವಾಗುವುದಿಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ. ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದಿದರೂ ಬೇಕಾದ ವಿಜ್ಞಾನದ ಕೋರ್ಸುಗಳನ್ನು ಮುಗಿಸಿ, ಎಂಕ್ಯಾಟ್ ಬರೆದು ವೈದ್ಯಕೀಯಕ್ಕೆ ಅರ್ಜಿ ಹಾಕಬಹುದು. ನಮ್ಮ ಮಕ್ಕಳು ಅದೇ ನಿರ್ಧಾರವನ್ನು ಹದಿನೈದು ಹದಿನಾರಕ್ಕೇ ಮಾಡಬೇಕು, ಅದೂ ಕಾಲೇಜಿನವರು ಅಡ್ಮಿಷನ್ ಕೌಂಟರಿನಲ್ಲಿ ಅವಸರ ಮಾಡುತ್ತಿರುವಾಗ.

ಆದ್ದರಿಂದ ಫೀಸು ಕಟ್ಟುವ ಮೊದಲು ಕೇಳಿ: ಗಣಿತ, ಜೀವಶಾಸ್ತ್ರ ಎರಡನ್ನೂ ಓದಲು ಅವಕಾಶವಿದೆಯೇ? ಎರಡರ ಭಾರ ಹೊರಲು ನಿಮ್ಮ ಮಗುವಿಗೆ ಮನಸ್ಸಿದೆಯೇ? ಇಲ್ಲವೆಂದರೆ ಒತ್ತಾಯ ಬೇಡ. ಬಿಟ್ಟ ವಿಷಯವನ್ನು ಆಮೇಲೂ ಹಿಡಿಯಬಹುದು. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿದೆ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯೂ 2022ರಲ್ಲೇ ಹೋಗಿದೆ.

ನಮ್ಮ ಹುಡುಗಿ ಈಗ ಬಿ.ಎಸ್ಸಿ ಸೇರಿದ್ದಾಳೆ. ಜೊತೆಗೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಗಣಿತ ಒಂದನ್ನೇ ಬರೆಯುತ್ತೇನೆ ಅನ್ನುತ್ತಿದ್ದಾಳೆ. ಭಾನುವಾರ ಬೆಳಿಗ್ಗೆ ಪುಸ್ತಕ ಹಿಡಿದು ನಮ್ಮನೆಗೆ ಬರುತ್ತಾಳೆ. ಹದಿನೆಂಟು ವರ್ಷದ ಮೇಲೆ ಇಂಟಿಗ್ರೇಷನ್ ಹೇಳಿಕೊಡಲು ನಾನು ಶನಿವಾರ ರಾತ್ರಿ ಓದಿಕೊಳ್ಳುತ್ತಿದ್ದೇನೆ.