ಬೆಲ್‌ಫಾಸ್ಟ್: ಗೋಡೆಗಳ ನಡುವೆ ಮರುಹುಟ್ಟು ಪಡೆದ ಬಂದರು ನಗರ



ಯಲಹಂಕ, ಹೆಬ್ಬಾಳದ ಕಡೆ ವಾಸಿಸುವ ನಿಮಗೆ ತಲೆಯ ಮೇಲೆ ಹಾರುವ ವಿಮಾನಗಳು ಹೊಸತೇನಲ್ಲ. ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಲಂಡನ್ನಿನ ಮೂಲಕ ಮುಂದೆ ಸಾಗಿದರೆ, ಲಗನ್ ನದಿ ಸಮುದ್ರವನ್ನು ಸೇರುವಲ್ಲಿ ಒಂದು ಹಳೆಯ ಕೈಗಾರಿಕಾ ನಗರವನ್ನು ತಲುಪಬಹುದು. ಅದು ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್. ಇಂದು ನಾವು ಆ ನಗರವನ್ನು ಸುತ್ತಿ ಬರೋಣ. ಕಟ್ಟಡಗಳನ್ನು ನೋಡುವುದಷ್ಟೇ ನಮ್ಮ ಉದ್ದೇಶವಲ್ಲ. ಜಗಳದಿಂದ ಒಡೆದುಹೋದ ಊರು ಮತ್ತೆ ಊರಾಗುವುದು ಹೇಗೆ ಎಂಬುದನ್ನು ಅಲ್ಲಿ ತಿಳಿಯಬೇಕಾಗಿದೆ.

ಬಂದರಿನತ್ತ ನಡೆದರೆ ಮೊದಲು ಕಣ್ಣಿಗೆ ಬೀಳುವುವು ಎರಡು ಭಾರಿ ಹಳದಿ ಕ್ರೇನುಗಳು. ಅವುಗಳ ಹೆಸರು ಸ್ಯಾಮ್ಸನ್ ಮತ್ತು ಗೋಲಿಯತ್. ಇವು 1861ರಲ್ಲಿ ಆರಂಭವಾದ ಹಾರ್ಲೆಂಡ್ ಅಂಡ್ ವುಲ್ಫ್ ಹಡಗು ಕಾರ್ಖಾನೆಗೆ ಸೇರಿದುವು. ಪ್ರಸಿದ್ಧ ಟೈಟಾನಿಕ್ ಹಡಗನ್ನು 1911ರ ಮೇ 31ರಂದು ನೀರಿಗಿಳಿಸಿದ್ದು ಇಲ್ಲಿಯೇ. ಮರುವರ್ಷ ಏಪ್ರಿಲ್ 15ರಂದು ಅದು ಮುಳುಗಿ ಸುಮಾರು 1,500 ಜನ ಸತ್ತರು. ಹಡಗಿನ ಜೊತೆಗೆ ನಾರುಬಟ್ಟೆಯ ಗಿರಣಿಗಳೂ ಈ ನಗರವನ್ನು ಬೆಳೆಸಿದುವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಿನನ್ ಬಟ್ಟೆಗೆ ಬೆಲ್‌ಫಾಸ್ಟೇ ಜಗತ್ತಿನ ಕೇಂದ್ರವಾಗಿತ್ತು.

ಆದರೆ ಈ ದುಡಿಮೆಯ ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಹಡಗು ಕಾರ್ಖಾನೆಯ ಕೆಲಸಗಾರರಲ್ಲಿ ಬಹುಪಾಲು ಪ್ರಾಟೆಸ್ಟಂಟರು. 1920ರ ಜುಲೈ ತಿಂಗಳಲ್ಲಿ ಸಾವಿರಾರು ಕ್ಯಾಥೊಲಿಕ್ ಕೆಲಸಗಾರರನ್ನು ಅಲ್ಲಿಂದ ಹೊರಗಟ್ಟಲಾಯಿತು. ಮರುವರ್ಷ ಐರ್ಲೆಂಡ್ ಇಬ್ಭಾಗವಾಯಿತು. ಉತ್ತರ ಭಾಗವು ಬ್ರಿಟನ್ನಿನೊಡನೆ ಉಳಿಯಬೇಕು ಎಂದವರಲ್ಲಿ ಪ್ರಾಟೆಸ್ಟಂಟರು ಹೆಚ್ಚು. ಐರ್ಲೆಂಡನ್ನು ಕೂಡಬೇಕು ಎಂದವರಲ್ಲಿ ಕ್ಯಾಥೊಲಿಕರು ಹೆಚ್ಚು. ಹೆಸರಿಗೆ ಇದು ಮತಗಳ ಜಗಳ. ಒಳಗೆ ಇದ್ದುದು ಕೆಲಸ ಯಾರಿಗೆ, ಮನೆ ಯಾರಿಗೆ, ಅಧಿಕಾರ ಯಾರಿಗೆ ಎಂಬ ಪ್ರಶ್ನೆ.

1960ರ ದಶಕದ ಕೊನೆಯಲ್ಲಿ ಈ ಕಿಡಿ ಹೊತ್ತಿ ಉರಿಯಿತು. ಬಂದೂಕು, ಬಾಂಬುಗಳ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕ್ಯಾಥೊಲಿಕರ ಫಾಲ್ಸ್ ರಸ್ತೆಗೂ ಪ್ರಾಟೆಸ್ಟಂಟರ ಶ್ಯಾಂಕಿಲ್ ರಸ್ತೆಗೂ ನಡುವೆ 1969ರಲ್ಲಿ ತಾತ್ಕಾಲಿಕವೆಂದು ಬೇಲಿ ಎದ್ದಿತು. ಬೇಲಿ ಗೋಡೆಯಾಯಿತು, ಗೋಡೆ ಎರಡಂತಸ್ತಿನ ಮನೆಯನ್ನೂ ಮೀರಿ ಬೆಳೆಯಿತು. ಅದಕ್ಕೆ ಇಟ್ಟ ಹೆಸರು ‘ಶಾಂತಿಗೋಡೆ’!

ಕತ್ತಲೆಯ ಆ ದಿನಗಳಲ್ಲೂ ಕೆಲವರು ಕೈ ಕಟ್ಟಿ ಕೂರಲಿಲ್ಲ. 1976ರಲ್ಲಿ ಬೆಲ್‌ಫಾಸ್ಟಿನ ಬೀದಿಯೊಂದರ ಹಿಂಸೆಯಲ್ಲಿ ಮೂವರು ಮಕ್ಕಳು ಬಲಿಯಾದರು. ಆ ಮಕ್ಕಳ ತಾಯಿಯ ಸೋದರಿ ಮೇರೀಡ್ ಕಾರಿಗನ್ ಮತ್ತು ಘಟನೆಯನ್ನು ಕಂಡಿದ್ದ ಬೆಟ್ಟಿ ವಿಲಿಯಮ್ಸ್ ಎರಡೂ ಕಡೆಯ ಹೆಂಗಸರನ್ನು ಸೇರಿಸಿ ಮೆರವಣಿಗೆ ನಡೆಸಿದರು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಇವರಿಬ್ಬರಿಗೆ ಸಂದಿತು.

ವಿದ್ಯಾರ್ಥಿಗಳಾದ ನೀವು ವಿಶೇಷವಾಗಿ ನೆನಪಿಡಬೇಕಾದ ವರ್ಷ 1981. ಅಲ್ಲಿ ಕ್ಯಾಥೊಲಿಕ್ ಮಕ್ಕಳ ಶಾಲೆಯೇ ಬೇರೆ, ಪ್ರಾಟೆಸ್ಟಂಟ್ ಮಕ್ಕಳ ಶಾಲೆಯೇ ಬೇರೆ. ತಮ್ಮ ಮಕ್ಕಳಾದರೂ ಒಂದೇ ಬೆಂಚಿನಲ್ಲಿ ಕೂತು ಕಲಿಯಲಿ ಎಂದು ಕೆಲವು ತಂದೆತಾಯಿಗಳು ಆ ವರ್ಷ ಲಗನ್ ಕಾಲೇಜು ಎಂಬ ಶಾಲೆಯನ್ನು ತೆರೆದರು. ಮೊದಲ ದಿನ ಇದ್ದವರು ಕೇವಲ 28 ಮಕ್ಕಳು. ಆರಂಭದಲ್ಲಿ ಸರ್ಕಾರದ ಅನುದಾನವೂ ಇರಲಿಲ್ಲ. ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ನಾಯಕರು ಒಪ್ಪಂದಕ್ಕೆ ಬಂದದ್ದು ಇದಾದ ಹದಿನೇಳು ವರ್ಷಗಳ ನಂತರ ಎಂಬುದನ್ನು ಗಮನಿಸಿ.

1998ರ ಏಪ್ರಿಲ್ 10ರಂದು, ಗುಡ್ ಫ್ರೈಡೆಯ ದಿನ, ಆ ಒಪ್ಪಂದವಾಯಿತು. ಮೇ ತಿಂಗಳ ಜನಮತ ಗಣನೆಯಲ್ಲಿ ಉತ್ತರ ಐರ್ಲೆಂಡಿನ ನೂರಕ್ಕೆ 71 ಮಂದಿ ಒಪ್ಪಿಗೆ ಕೊಟ್ಟರು. ಎರಡೂ ಕಡೆಯವರು ಕೂಡಿ ಆಡಳಿತ ನಡೆಸುವ ಏರ್ಪಾಡು ಬಂದಿತು. ಪಾಳುಬಿದ್ದ ಹಡಗುಕಟ್ಟೆಯಲ್ಲಿ ಹೊಸ ಕಟ್ಟಡಗಳೆದ್ದವು. 2012ರಲ್ಲಿ ಟೈಟಾನಿಕ್ ವಸ್ತುಸಂಗ್ರಹಾಲಯ ತೆರೆದು, ಹಿಂದೆ ಜನ ಹೆದರುತ್ತಿದ್ದ ನಗರಕ್ಕೆ ಪ್ರವಾಸಿಗಳು ಬರತೊಡಗಿದರು.

ಹಾಗಾದರೆ ಎಲ್ಲವೂ ಸರಿಹೋಯಿತೆ? ಇಲ್ಲ. ಗೋಡೆಗಳನ್ನು 2023ರೊಳಗೆ ತೆಗೆಯುವುದಾಗಿ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಆದರೆ ಹಲವು ಗೋಡೆಗಳು ಇನ್ನೂ ನಿಂತಿವೆ. ಕೆಲವು ಬಾಗಿಲುಗಳನ್ನು ರಾತ್ರಿ ಮುಚ್ಚುತ್ತಾರೆ. ಕೂಡಿ ಕಲಿಯುವ ಶಾಲೆಗಳಲ್ಲಿ ಓದುವ ಮಕ್ಕಳು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಹಡಗುಕಟ್ಟೆಯನ್ನು ಹೊಸದಾಗಿಸಲು ಹದಿನಾಲ್ಕು ವರ್ಷ ಸಾಕಾಯಿತು. ಗೋಡೆಯಾಚೆಯ ನೆರೆಯವರನ್ನು ನಂಬಲು ಅಷ್ಟು ಸಾಲಲಿಲ್ಲ.

ಇದು ದೂರದ ಕತೆಯೆಂದು ತಳ್ಳಿಹಾಕುವಂತಿಲ್ಲ. ಆರ್.ಟಿ. ನಗರದ ಪಕ್ಕದ ಕಾವಲ್ ಭೈರಸಂದ್ರ, ಡಿ.ಜೆ. ಹಳ್ಳಿಗಳಲ್ಲಿ 2020ರ ಆಗಸ್ಟ್ 11ರ ರಾತ್ರಿ ನಡೆದುದನ್ನು ನೀವು ಕೇಳಿರಬಹುದು. ಫೇಸ್‌ಬುಕ್ಕಿನ ಒಂದು ಬರಹದಿಂದ ಕೆರಳಿದ ಗುಂಪು ಶಾಸಕರ ಮನೆಗೆ ಬೆಂಕಿ ಹಚ್ಚಿತು, ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿತು. ಗೋಲಿಬಾರಿನಲ್ಲಿ ಜೀವಗಳು ಹೋದುವು. ಅದೇ ರಾತ್ರಿ ಕೆಲವು ಮುಸ್ಲಿಂ ತರುಣರು ಕೈಗೆ ಕೈ ಹಿಡಿದು ಅಲ್ಲಿನ ಆಂಜನೇಯ ಗುಡಿಯ ಮುಂದೆ ಸಾಲಾಗಿ ನಿಂತು ಅದನ್ನು ಕಾಪಾಡಿದರು. ಒಂದೇ ರಾತ್ರಿ, ಒಂದೇ ಬಡಾವಣೆ. ಎರಡು ಬಗೆಯ ಗುಂಪು.

ನಮ್ಮ ಬಡಾವಣೆಗಳ ನಡುವೆ ಬೆಲ್‌ಫಾಸ್ಟಿನಂಥ ಗೋಡೆಗಳಿಲ್ಲ. ಎದ್ದ ಮೇಲೆ ಕೆಡವುವುದು ಎಷ್ಟು ಕಷ್ಟವೆಂಬುದನ್ನು ಆ ನಗರ ತೋರಿಸಿದೆ. ಆದ್ದರಿಂದ ಏಳದಂತೆ ನೋಡಿಕೊಳ್ಳುವುದು ಜಾಣತನ. ಅದಕ್ಕೆ ನೀವು ನಾಯಕರಾಗಬೇಕಾಗಿಲ್ಲ. ಮೊಬೈಲಿಗೆ ಬಂದ ಕೆರಳಿಸುವ ಸುದ್ದಿಯನ್ನು ಮುಂದಕ್ಕೆ ಕಳಿಸದಿರಿ. ಬೇರೆ ಮತದ ಸಹಪಾಠಿಯ ಮನೆಗೆ ಒಮ್ಮೆ ಹೋಗಿ ಬನ್ನಿ, ಅವರನ್ನು ನಿಮ್ಮ ಮನೆಗೆ ಕರೆಯಿರಿ. ನಾಳೆ ತರಗತಿಯಲ್ಲಿ ನಿಮ್ಮ ಪಕ್ಕ ಯಾರು ಕೂರುತ್ತಾರೆ ಎಂದು ನೋಡಿ. ಲಗನ್ ಕಾಲೇಜಿನ ಆ 28 ಮಕ್ಕಳು ಮಾಡಿದ್ದು ಅಷ್ಟೇ, ಒಟ್ಟಿಗೆ ಕೂತು ಪಾಠ ಓದಿದ್ದು.