ಬಾರದವನ ಲೆಕ್ಕ
(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ನಾವು ಈ ದಿನ ಹೇಳಹೊರಟಿರುವುದು ಅಮೆರಿಕದ ಒಬ್ಬ ಹಾಡುಗಾರನ ವಿಷಯ. ಹಾಡುಗಾರನಿಗೂ ನಮಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವುಂಟು. ಯಾವ ಒಳ್ಳೆಯ ಕೆಲಸಕ್ಕಾಗಲಿ ನಾವು ಪಟ್ಟಿ ಎತ್ತುವಾಗ, ಕೊಟ್ಟವರ ಹೆಸರಿಗಿಂತ ಕೊಡದವರ ಹೆಸರೇ ನಮ್ಮ ಬಾಯಲ್ಲಿ ಹೆಚ್ಚು ಓಡಾಡುತ್ತದೆ. ‘ಅವನು ಬರಲಿಲ್ಲ ನೋಡಿದಿರಾ’ ಎಂಬ ಮಾತು ಸಭೆ ಮುಗಿಯುವುದರೊಳಗಾಗಿ ಊರನ್ನೆಲ್ಲ ಸುತ್ತಿರುತ್ತದೆ. ಬಾರದವನ ಲೆಕ್ಕವನ್ನು ಹೇಗೆ ಬರೆಯಬೇಕು? ಈ ಪ್ರಶ್ನೆಯನ್ನು ನಾವು ನಮ್ಮ ಊರಿನ ಜಗಳಗಳಿಂದ ಸ್ವಲ್ಪ ದೂರ ಇಟ್ಟು ನೋಡುವುದು ಒಳ್ಳೆಯದು. ಆದುದರಿಂದ ಈ ಕಥೆಯನ್ನು ಆರಿಸಿಕೊಂಡೆವು.

1984ರ ಅಕ್ಟೋಬರಿನಲ್ಲಿ ಆಫ್ರಿಕದ ಇಥಿಯೋಪಿಯ ದೇಶದ ಕ್ಷಾಮದ ಚಿತ್ರಗಳನ್ನು ಬ್ರಿಟನ್ನಿನ ಬಿಬಿಸಿ ದೂರದರ್ಶನ ತೋರಿಸಿತು. ಕೊರೆಂ ಎಂಬ ಊರಿನ ಬಯಲಿನಲ್ಲಿ ಸಾವಿರಾರು ಜನ ಒಂದು ಹಿಡಿ ಕಾಳಿಗಾಗಿ ಚಳಿಯಲ್ಲಿ ಕುಳಿತಿದ್ದರು. ಆ ಚಿತ್ರಗಳು ನೋಡಿದವರ ನಿದ್ದೆ ಕೆಡಿಸಿದವು. ಬಾಬ್ ಗೆಲ್ಡಾಫ್ ಎಂಬ ಐರಿಷ್ ಹಾಡುಗಾರ ತನ್ನ ಸಂಗಡಿಗರನ್ನು ಕೂಡಿಸಿ ನವೆಂಬರಿನಲ್ಲಿ ಲಂಡನ್ನಿನಲ್ಲಿ ಒಂದು ಹಾಡನ್ನು ಮುದ್ರಿಸಿದ. ಅದರ ಮಾರಾಟದ ಹಣ ಕ್ಷಾಮಪೀಡಿತರಿಗೆ ಹೋಯಿತು. ಇದನ್ನು ಕಂಡು, ಅಮೆರಿಕದ ಕರಿಯ ಜನರ ಹಕ್ಕುಗಳಿಗಾಗಿ ಬಹುಕಾಲ ದುಡಿದ ಹಿರಿಯ ಗಾಯಕ ಹ್ಯಾರಿ ಬೆಲಫಾಂಟೆ, ಅಲ್ಲಿಯೂ ಇಂಥದೊಂದು ಆಗಬೇಕೆಂದು ಹೊರಟರು. ಮೈಕೆಲ್ ಜಾಕ್ಸನ್ ಮತ್ತು ಲಯೊನೆಲ್ ರಿಚಿ ಹಾಡನ್ನು ಬರೆದರು. ಕ್ವಿನ್ಸಿ ಜೋನ್ಸ್ ಅದನ್ನು ನಡೆಸಿಕೊಡಲು ಒಪ್ಪಿದರು. ‘ವಿ ಆರ್ ದಿ ವರ್ಲ್ಡ್’ ಎಂಬುದು ಅದರ ಹೆಸರು.

ಇಷ್ಟೊಂದು ಹೆಸರಾಂತರನ್ನು ಒಂದೇ ಕಡೆ ಸೇರಿಸುವುದು ಹೇಗೆ? 1985ರ ಜನವರಿ 28ರ ರಾತ್ರಿ ಲಾಸ್ ಏಂಜಲೀಸಿನಲ್ಲಿ ಸಂಗೀತಗಾರರಿಗೆ ಬಹುಮಾನ ಕೊಡುವ ದೊಡ್ಡ ಸಮಾರಂಭವಿತ್ತು. ಹೇಗಿದ್ದರೂ ಅನೇಕರು ಊರಿಗೆ ಬರುತ್ತಾರೆ, ಅದು ಮುಗಿದ ಮೇಲೆ ಹಾಡಿನ ಮುದ್ರಣಾಲಯಕ್ಕೆ ಬರಲಿ ಎಂದು ಗೊತ್ತು ಮಾಡಿದರು. ನಲವತ್ತಕ್ಕೂ ಹೆಚ್ಚು ಮಂದಿ ಬಂದರು. ಒಳಗೆ ಬರುವವರು ತಮ್ಮ ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಬರಬೇಕೆಂಬ ಅರ್ಥದ ಚೀಟಿಯನ್ನು ಜೋನ್ಸ್ ಅಲ್ಲಿ ಅಂಟಿಸಿದ್ದರು. ರೇ ಚಾರ್ಲ್ಸ್, ಬಾಬ್ ಡಿಲನ್, ಸ್ಟೀವಿ ವಂಡರ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಡಯಾನಾ ರಾಸ್ ಮೊದಲಾದವರು ರಾತ್ರಿಯೆಲ್ಲ ನಿಂತು ಹಾಡಿದರು. ಕೆಲಸ ಮುಗಿಯುವ ವೇಳೆಗೆ ಬೆಳಗಾಗಿತ್ತು. ರಾತ್ರಿ ಪಾಳಿ ಎಂದರೇನೆಂಬುದು ಆ ಒಂದು ದಿನವಾದರೂ ಅವರಿಗೆ ತಿಳಿದಿರಬೇಕು.

ಬಾರದೆ ಉಳಿದವನೊಬ್ಬ ಎಲ್ಲರ ಕಣ್ಣಿಗೆ ಬಿದ್ದ. ಆತನ ಹೆಸರು ಪ್ರಿನ್ಸ್. ಮಿನಿಯಾಪೊಲಿಸ್ ಊರಿನ ಕರಿಯ ಮನೆತನದ ಹುಡುಗ. ಆಗ ಅವನಿಗೆ 26 ವರ್ಷ. ಅವನ ‘ಪರ್ಪಲ್ ರೇನ್’ ಎಂಬ ಹಾಡುಗಳ ಸಂಪುಟ ಅಮೆರಿಕದಲ್ಲಿ 24 ವಾರ ಕಾಲ ಮೊದಲ ಸ್ಥಾನದಲ್ಲಿತ್ತು. ಜನಪ್ರಿಯತೆಯಲ್ಲಿ ಜಾಕ್ಸನನಿಗೆ ಸರಿಜೋಡಿ ಎಂದು ಪತ್ರಿಕೆಗಳು ಇಬ್ಬರನ್ನೂ ಕುಸ್ತಿಯ ಕಣದಲ್ಲಿ ನಿಲ್ಲಿಸಿದಂತೆ ಬರೆಯುತ್ತಿದ್ದವು. ಇಬ್ಬರೂ ಒಂದೇ ಹಾಡಿನಲ್ಲಿ ಅಕ್ಕಪಕ್ಕ ನಿಂತರೆ ಎಷ್ಟು ಚೆನ್ನ ಎಂಬುದು ಸಂಘಟಕರ ಆಸೆ. ಅವನಿಗಾಗಿ ಒಂದು ಸಾಲನ್ನೂ ಕಾದಿರಿಸಿದ್ದರು. ಆ ಸಂಜೆಯ ಸಮಾರಂಭಕ್ಕೆ ಅವನು ಬಂದಿದ್ದ, ಮೂರು ಬಹುಮಾನಗಳನ್ನೂ ಪಡೆದ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎನ್ನುವುದು ನಮ್ಮ ಗಾದೆ. ಈತ ಊರಿಗೆ ಬಂದ, ನೀರಿಗೆ ಬರಲಿಲ್ಲ.

ಬೇರೊಂದು ಕೋಣೆಯಲ್ಲಿ ಒಬ್ಬನೇ ಕುಳಿತು ಗಿಟಾರ್ ನುಡಿಸಿಕೊಡುತ್ತೇನೆಂದು ಅವನು ಹೇಳಿದ್ದುಂಟು ಎಂದು ರಿಚಿ ಮುಂದೆ ತಿಳಿಸಿದರು. ಎಲ್ಲರೂ ಒಂದೇ ಕೋಣೆಯಲ್ಲಿ ನಿಲ್ಲಬೇಕು ಎಂಬುದು ಇವರ ಉತ್ತರ. ಅವನ ಜೊತೆಗಾರ್ತಿ ಶೀಲಾ ಇ. ಎಂಬ ವಾದ್ಯಗಾರ್ತಿ ಬಂದಿದ್ದರು. ಅವನು ಬರುವನೇ ಎಂದು ಅವರನ್ನೇ ಮತ್ತೆ ಮತ್ತೆ ಕೇಳಿದರು. ತನ್ನನ್ನು ಕರೆದದ್ದು ಅವನಿಗೆ ಗಾಳವಾಗಿ ಎಂದು ಅನಿಸಿ ಆಕೆ ನೊಂದು ಹೊರಟುಹೋದ ಸಂಗತಿಯನ್ನು 2024ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಆಕೆಯೇ ಹೇಳಿದ್ದಾರೆ. ಇದನ್ನು ನಾವು ಗಮನಿಸಬೇಕು. ಬಾರದವನ ಮೇಲೆಯೇ ಕಣ್ಣಿಟ್ಟು, ಬಂದವಳನ್ನು ಕಾಣದೆ ಹೋದರು. ಅವನಿಗೆಂದು ಇಟ್ಟ ಸಾಲನ್ನು ಕೊನೆಗೆ ಹ್ಯೂಯಿ ಲೂಯಿಸ್ ಹಾಡಿದ.

ಅದೇ ರಾತ್ರಿ ಇನ್ನೊಂದು ಅನಾಹುತವಾಯಿತು. ಪ್ರಿನ್ಸ್ ಒಂದು ಹೋಟೆಲಿನಿಂದ ಹೊರಬರುವಾಗ ಫೋಟೋ ತೆಗೆಯುವವರಿಗೂ ಅವನ ಅಂಗರಕ್ಷಕರಿಗೂ ಕೈಕೈ ಮಿಲಾಯಿಸಿ, ಪೊಲೀಸರು ಅಂಗರಕ್ಷಕರನ್ನು ಹಿಡಿದರು. ಅಲ್ಲಿ ಹಸಿದವರಿಗಾಗಿ ಹಾಡುತ್ತಿದ್ದರೆ ಈತ ಇಲ್ಲಿ ಮೋಜು ಮಾಡುತ್ತಿದ್ದ ಎಂದು ಸುದ್ದಿಯಾಯಿತು. ದೂರದರ್ಶನದ ಹಾಸ್ಯ ಕಾರ್ಯಕ್ರಮದಲ್ಲಿ ಅವನ ವೇಷ ಹಾಕಿ ನಗಾಡಿದರು.

ಏಕೆ ಬರಲಿಲ್ಲ? ಸಂಕೋಚದ ಸ್ವಭಾವ, ಹಾಡು ಹಿಡಿಸಲಿಲ್ಲ, ಎದುರಾಳಿಯ ಮುಂದಾಳುತನ ಸೇರಲಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಅವನು ಅದೇ ವರ್ಷ ‘ಹಲೋ’ ಎಂಬ ಹಾಡಿನಲ್ಲಿ ತನ್ನ ಸಮಜಾಯಿಷಿ ಕೊಟ್ಟ: ಅಲ್ಲಿ ನಿಂತು ಹಾಡುವುದು ಬೇಡ, ಬದಲಿಗೆ ಒಂದು ಹಾಡನ್ನೇ ಮಾಡಿಕೊಡುತ್ತೇನೆಂದು ತಾನು ತಿಳಿಸಿದ್ದೆನೆಂಬುದು ಅದರ ತಾತ್ಪರ್ಯ. ಮಾತಿನಂತೆ ಕೊಟ್ಟದ್ದೂ ನಿಜ. 1985ರ ಏಪ್ರಿಲಿನಲ್ಲಿ ಹೊರಬಂದ ಪರಿಹಾರದ ಸಂಪುಟದಲ್ಲಿ ಅವನ ಹಾಡು ಇದೆ.

ಇನ್ನು ಮುಂದಿನದನ್ನು ಕೇಳಿ. ಪ್ರಿನ್ಸ್ 2016ರ ಏಪ್ರಿಲ್ 21ರಂದು ತೀರಿಕೊಂಡ. ಆಮೇಲೆ ಒಂದೊಂದಾಗಿ ಸಂಗತಿಗಳು ಹೊರಬಿದ್ದವು. ಲೂಯಿವಿಲ್ ನಗರದಲ್ಲಿ ಕರಿಯ ಜನರಿಗಾಗಿ ಬಹಳ ಹಿಂದೆ ಕಟ್ಟಿದ ಒಂದು ಪುಸ್ತಕಾಲಯಕ್ಕೆ 2001ರಲ್ಲಿ 12,000 ಡಾಲರ್ ಕೊಟ್ಟು, ಯಾರಿಗೂ ಹೇಳಬೇಡಿರೆಂದಿದ್ದನಂತೆ. ಬಡವರ ಮನೆಗಳಿಗೆ ಸೂರ್ಯಶಕ್ತಿಯನ್ನು ಒದಗಿಸುವ ಕೆಲಸದಲ್ಲಿದ್ದ ವ್ಯಾನ್ ಜೋನ್ಸ್ ಎಂಬವರು, ತಮಗೆ ಹೆಸರಿಲ್ಲದ ಚೆಕ್ಕು ಬಂದುದನ್ನೂ, ಹೆಸರಿಲ್ಲದ ಹಣ ಬೇಡವೆಂದು ತಾವು ಹಿಂದಕ್ಕೆ ಕಳುಹಿಸಿದ್ದನ್ನೂ, ಕೊಟ್ಟವನು ಪ್ರಿನ್ಸ್ ಎಂದು ಆಮೇಲೆ ತಿಳಿದದ್ದನ್ನೂ ಬಹಿರಂಗವಾಗಿ ಹೇಳಿದರು. ಕೈಬಿಗಿಯ ಮನುಷ್ಯನೆಂಬ ಅಪವಾದ ಹೊತ್ತವನು ಬಲಗೈ ಕೊಟ್ಟದ್ದನ್ನು ಎಡಗೈಗೆ ತಿಳಿಸದವನಾಗಿದ್ದ.

ಹಾಗಾದರೆ ಅವನು ಮಾಡಿದ್ದು ಸರಿಯೇ? ತೀರ್ಪಿಗೆ ಮೊದಲು ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಗಿರಣಿಯೊಂದು ಬೀಗ ಹಾಕಿದಾಗ ನಾವು ಪಟ್ಟಿ ಹಿಡಿದು ಬೀದಿ ಬೀದಿ ತಿರುಗಿದೆವು. ಒಬ್ಬ ಕಿರಾಣಿ ಅಂಗಡಿಯವರು ನಾಲ್ಕಾಣೆಯನ್ನೂ ಬರೆಸಲಿಲ್ಲ. ಗೇಟಿನ ಸಭೆಯಲ್ಲಿ ಅವರ ಹೆಸರು ಹಿಡಿದು, ಕಾರ್ಮಿಕರ ಪಗಾರದ ಮೇಲೆ ಬೆಳೆದವರು ಎಂದು ಆಡಿದೆವು. ಚಪ್ಪಾಳೆಯೂ ಬಿತ್ತು. ಆ ರಾತ್ರಿ ಮನೆಗೆ ಹೋದರೆ ಹೆಂಗಸರು ನಮ್ಮನ್ನು ತರಾಟೆಗೆ ತೆಗೆದುಕೊಂಡರು. ಮೂರು ತಿಂಗಳಿಂದ ನಮ್ಮ ಓಣಿಯ ಒಲೆ ಉರಿಯುತ್ತಿದ್ದುದು ಆ ಅಂಗಡಿಯ ಉದ್ರಿ ಜೋಳದಿಂದ! ಮರುದಿನ ತಪ್ಪೊಪ್ಪಿಕೊಳ್ಳಲು ಹೋದೆವು. ಅವರು ತಕ್ಕಡಿಯಿಂದ ತಲೆ ಎತ್ತದೆ ಹೇಳಿದರು: “ನೋಡ್ರಿ, ನಿಮ್ಮ ಪಟ್ಟಿಯೊಳಗ ನನ್ನ ಹೆಸರು ಬಂತಂದ್ರ ನಾಳಿಂದ ನನಗ ಸಗಟು ಮಾಲು ಬಂದ್ ಆಗ್ತದ. ಆಮ್ಯಾಲೆ ನಿಮ್ಮ ಮನಿಗೆ ಜೋಳ ಎಲ್ಲಿಂದ ಕೊಡ್ಲಿ?” ನಮಗೆ ಮಾತು ಹೊರಡಲಿಲ್ಲ. ಕೊನೆಗೆ ನಮ್ಮಲ್ಲೊಬ್ಬ ಹಿರಿಯ ನೇಕಾರರು, “ನೀವು ಒಂದು ದಿನ ಗೇಟಿನ ಹತ್ತಿರ ನಿಂತಿದ್ರ ಇನ್ನೂ ಹತ್ತು ಅಂಗಡಿಯವರು ಬರ್ತಿದ್ರು, ಸಾಹುಕಾರ್ರ” ಎಂದರು. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಖರೆ” ಎಂದರು.

ಆ ಇಬ್ಬರ ಮಾತೂ ನಮಗೆ ಇಂದಿಗೂ ನಿಜವಾಗಿಯೇ ಕಾಣುತ್ತದೆ. ಕೊಡುವುದು ಒಂದು, ಜೊತೆಯಲ್ಲಿ ನಿಲ್ಲುವುದು ಇನ್ನೊಂದು. ಕೊಡುವುದನ್ನು ಕತ್ತಲಲ್ಲಿ ಮಾಡಬಹುದು, ನಿಲ್ಲುವುದನ್ನು ಬೆಳಕಿನಲ್ಲೇ ಮಾಡಬೇಕು. ಅಂಗಡಿಯವರಿಗಾದರೆ ಮಾಲು ನಿಲ್ಲುವ ಭಯವಿತ್ತು. ಪ್ರಿನ್ಸಿಗೆ ಅಂಥ ಭಯವಿರಲಿಲ್ಲ. ಸಾಲಿನಲ್ಲಿ ಹತ್ತರ ಜೊತೆ ಹನ್ನೊಂದನೆಯವನಾಗಿ ನಿಲ್ಲುವುದು ಅವನಿಗೆ ಕಷ್ಟವಾಯಿತು, ಆದುದರಿಂದ ಆ ರಾತ್ರಿ ಅವನು ಬರಬೇಕಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಆದರೆ ಬರಲಿಲ್ಲವೆಂಬುದರಿಂದ ಅವನ ಎದೆ ಬರಿದೆಂದು ಸಾರಿದವರು ಅವನಿಗಿಂತ ದೊಡ್ಡ ತಪ್ಪು ಮಾಡಿದರು.

ಈಗ ಇದಕ್ಕಿಂತ ಭಾರವಾದ ಮಾತಿಗೆ ಬರೋಣ. ಆ ಕೋಣೆಯಲ್ಲಿ ಪ್ರಿನ್ಸ್ ಇಲ್ಲವೆಂಬುದನ್ನು ಲೋಕವೆಲ್ಲ ಕಂಡಿತು. ಹಾಡಿನ ಸಾಲುಗಳನ್ನು ಹಂಚಿಕೊಂಡವರಲ್ಲಿ ಇಥಿಯೋಪಿಯದವರು ಒಬ್ಬರೂ ಇಲ್ಲವೆಂಬುದನ್ನು ಎಷ್ಟು ಮಂದಿ ಕಂಡರು? ಸ್ಟೀವಿ ವಂಡರ್ ಆ ದೇಶದ ಇಬ್ಬರು ಹೆಂಗಸರನ್ನು ಕರೆತಂದಿದ್ದರು. ಅವರು ಕೃತಜ್ಞತೆಯ ಎರಡು ಮಾತು ಆಡಿ ಹೋದರು. ಹಸಿದವರ ಪಾಲಿಗೆ ಬಂದುದು ವಂದನೆ ಹೇಳುವ ಕೆಲಸ ಮಾತ್ರ.

ಇನ್ನೂ ಒಂದು ಸಂಗತಿ ಹಾಡಿನಲ್ಲಿ ಬರಲೇ ಇಲ್ಲ. ಅದು ಕ್ಷಾಮದ ಕಾರಣ. ಮಳೆ ಹೋದದ್ದು ನಿಜ. ಆದರೆ ಮೆಂಗಿಸ್ಟು ಹೈಲೆ ಮರಿಯಂನ ಸೈನಿಕ ಸರ್ಕಾರ ಟಿಗ್ರೆ, ವೊಲ್ಲೊ ಮತ್ತು ಎರಿಟ್ರಿಯ ಪ್ರಾಂತಗಳಲ್ಲಿ ಬಂಡಾಯಗಾರರನ್ನು ಹತ್ತಿಕ್ಕುವುದಕ್ಕಾಗಿ ಬೆಳೆ ಸುಟ್ಟಿತು, ಸಂತೆಗಳ ಮೇಲೆ ಬಾಂಬು ಹಾಕಿತು, ಧಾನ್ಯದ ದಾರಿ ಕಟ್ಟಿತು. ಜನ ಸಾಯುತ್ತಿದ್ದ 1984ರ ಸೆಪ್ಟೆಂಬರಿನಲ್ಲಿ ರಾಜಧಾನಿಯಲ್ಲಿ ಕ್ರಾಂತಿಯ ಹತ್ತನೆಯ ವರ್ಷದ ಉತ್ಸವ ಆಡಂಬರದಿಂದ ನಡೆಯಿತು. ಸತ್ತವರು ಕನಿಷ್ಠ 4 ಲಕ್ಷವೆಂದೂ 10 ಲಕ್ಷದವರೆಗೆಂದೂ ಅಂದಾಜುಗಳಿವೆ. ಆ ಸರ್ಕಾರ ತನ್ನನ್ನು ಸಮಾಜವಾದಿ ಎಂದು ಕರೆದುಕೊಳ್ಳುತ್ತಿತ್ತು. ನಾವು ಇದನ್ನು ಮರೆಮಾಚಲಾಗದು. ಬಾವುಟದ ಬಣ್ಣ ಯಾವುದಾದರೇನು, ಹಸಿದವನ ಕಾಳಿನ ದಾರಿ ಕಟ್ಟಿದವರು ನಮ್ಮವರಲ್ಲ.

ನಮ್ಮ ದೇಶದವರಾದ ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮವನ್ನೂ 1973ರ ವೊಲ್ಲೊ ಕ್ಷಾಮವನ್ನೂ ಪರಿಶೀಲಿಸಿ ತೋರಿಸಿದ್ದು ಇದನ್ನೇ: ಊರಲ್ಲಿ ಕಾಳಿದ್ದರೂ ಕೊಳ್ಳುವ ಶಕ್ತಿಯಿಲ್ಲದವನು ಸಾಯುತ್ತಾನೆ. ವೊಲ್ಲೊ ಜನ ಸಾಯುತ್ತಿದ್ದಾಗ ಅಲ್ಲಿಂದ ಧಾನ್ಯ ಹೊರಗೆ ಸಾಗುತ್ತಲೂ ಇತ್ತು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲ ತುಂಬಿರುತ್ತದೆ, ಗಿರಾಕಿಯ ಕೈ ಖಾಲಿ ಇರುತ್ತದೆ.

ಹಾಗೆಂದು ಹಾಡಿನಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. 6 ಕೋಟಿಗೂ ಹೆಚ್ಚು ಡಾಲರ್ ಕೂಡಿತು. ಅದರಿಂದ ಅನ್ನ, ಔಷಧ ಹೋದವು, ಬದುಕಿದವರು ಬದುಕಿದರು. ಒಂದು ಮಗು ಉಳಿದರೂ ಆ ರಾತ್ರಿಯ ಜಾಗರಣೆ ಸಾರ್ಥಕ. ಆದರೆ ಕೂಡಿಸುವುದಷ್ಟೇ ಸಾಲದು, ಮುಟ್ಟಿಸಬೇಕು. ನಮ್ಮ ರವಿಶಂಕರರ ಕೋರಿಕೆಯಿಂದ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಂಗಾಳದ ನಿರಾಶ್ರಿತರಿಗಾಗಿ ಸಂಗೀತ ಸಭೆ ನಡೆಸಿದ. ಟಿಕೆಟಿನ ಹಣ, ಸುಮಾರು 2,43,000 ಡಾಲರ್, ಬೇಗ ಯೂನಿಸೆಫ್‌ಗೆ ಸಂದಿತು. ಆದರೆ ಮುಂಚಿತವಾಗಿ ಕಾಗದಪತ್ರ ಸರಿಮಾಡಿಕೊಳ್ಳದ ಕಾರಣ ಧ್ವನಿಮುದ್ರಿಕೆಯ ದೊಡ್ಡ ಹಣ ಅಮೆರಿಕದ ತೆರಿಗೆ ಇಲಾಖೆಯ ತನಿಖೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹೊಟ್ಟೆ ಅಷ್ಟು ಕಾಲ ಕಾಯುವುದಿಲ್ಲ.

ಮಿತ್ರರೇ, ನಾಳೆ ನಾವು ಮತ್ತೆ ಪಟ್ಟಿ ಎತ್ತಬೇಕಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ನಂಬಿದವರು ನಾವು. ಆಗ ಮೂರು ಮಾತು ನೆನಪಿರಲಿ. ಬಾರದವನ ಹೆಸರನ್ನು ಸಭೆಯಲ್ಲಿ ಕೂಗುವ ಮೊದಲು ಅವನ ಬಾಗಿಲಿಗೆ ಹೋಗಿ ಏಕೆಂದು ಕೇಳೋಣ. ಕೂಡಿದ ಪ್ರತಿಯೊಂದು ಪೈಸೆಗೂ ರಸೀದಿ ಕೊಟ್ಟು, ಲೆಕ್ಕವನ್ನು ಈ ವಾಚನಾಲಯದ ಗೋಡೆಗೆ ಅಂಟಿಸೋಣ. ಕೊಟ್ಟು ಕೈ ತೊಳೆದುಕೊಳ್ಳದೆ, ಈ ಹಸಿವು ಬಂದುದು ಯಾರಿಂದ ಎಂದು ಗಟ್ಟಿಯಾಗಿ ಕೇಳೋಣ.

ಆ ಕಿರಾಣಿ ಅಂಗಡಿಯವರು ಈಗಿಲ್ಲ. ಅವರ ಉದ್ರಿ ವಹಿಯಲ್ಲಿ ನಮ್ಮ ಓಣಿಯ ಲೆಕ್ಕದ ಮೇಲೆ ಅಡ್ಡಗೆರೆ ಎಳೆದಿತ್ತೆಂದು ಅವರ ಮಗ ತೋರಿಸಿದರು. ನಾವು ಗೇಟಿನಲ್ಲಿ ಆಡಿದ ಮಾತಿನ ಮೇಲೆ ಹಾಗೆ ಗೆರೆ ಎಳೆಯಲು ಬರುವುದಿಲ್ಲ. ಆದುದರಿಂದ ಇದನ್ನು ನಿಮ್ಮ ಮುಂದೆ ಹೇಳಿದೆವು.