ಮಕ್ಕಳಿಗೆ ಈಜು ಕಲಿಸುವಾಗ
(ಬಾನುಲಿ ಭಾಷಣ)

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ನಮ್ಮಲ್ಲೊಂದು ಗಾದೆಯಿದೆ. ಈ ಗಾದೆಯನ್ನು ಕಟ್ಟಿದವರು ಏಪ್ರಿಲ್ ತಿಂಗಳ ಬೆಳಗಿನ ಆರು ಗಂಟೆಗೆ ಈಜುಕೊಳದ ಅಂಚಿನಲ್ಲಿ ಕೈಕಟ್ಟಿ ನಿಂತ ಎಂಟು ವರ್ಷದ ಮಗುವನ್ನು ನೋಡಿರಲಾರರು. ಅದರ ಪಾಲಿಗೆ ಚಳಿ ತೊಡಗುವುದೇ ನೀರಿಗಿಳಿದ ಮೇಲೆ. ಮೈಯ ಬಿಸಿಯನ್ನು ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಹೀರಿಕೊಳ್ಳುತ್ತದೆ. ತುಟಿ ನೀಲಿಗಟ್ಟುತ್ತದೆ, ಹಲ್ಲು ಕಟಕಟಿಸುತ್ತದೆ; ಮೇಲೆ ಬಾ ಎಂದರೆ ಮಾತ್ರ ಬರುವುದಿಲ್ಲ.

ಕೆಲವು ಬೇಸಿಗೆಗಳಿಂದ ಈ ದೃಶ್ಯವನ್ನು ನಾನು ದಿನವೂ ನೋಡುತ್ತಿದ್ದೇನೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಹಿರಿಯರು ನನ್ನ ಹೆಗಲಿಗೆ ಒಂದು ಹೊರೆಯನ್ನೇರಿಸಿದರು. ರಜೆಯ ಎರಡು ತಿಂಗಳು ಬಡಾವಣೆಯ ಮೂವತ್ತು ಮಕ್ಕಳನ್ನು ಸೇರಿಸಿ ಒಂದು ಈಜು ತಂಡವನ್ನು ಕಟ್ಟಬೇಕು. ಮೇ ತಿಂಗಳ ಕೊನೆಯ ಭಾನುವಾರ ನೆರೆಯ ಬಡಾವಣೆಯ ತಂಡದೊಡನೆ ಸ್ನೇಹಪಂದ್ಯ ನಡೆಯಬೇಕು. ಕೊಳ 25 ಮೀಟರ್ ಉದ್ದದ್ದು. ಅದರಾಚೆಗೆ ನಮಗೆ ಯಾವ ಸಂಪತ್ತೂ ಇಲ್ಲ.

ನಾನು ಈಜು ಕಲಿತದ್ದು ಹಳ್ಳಿಯ ತೋಟದ ಬಾವಿಯಲ್ಲಿ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ, ಮೇಲಿನಿಂದ ನೂಕಲು ಸೋದರಮಾವ. ಮುಳುಗಿ, ನೀರು ಕುಡಿದು, ಮೆಟ್ಟಿಲನ್ನು ತಬ್ಬಿ ಅತ್ತರೆ ಮತ್ತೊಮ್ಮೆ ನೂಕು. ಆ ಗುರುಕುಲದ ಏಕೈಕ ಪಠ್ಯ ಭಯ. ಅಲ್ಲಿ ತೇರ್ಗಡೆಯಾದವರು ಈ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಗದವರ ಕಥೆಯನ್ನು ಹೇಳುವವರಿಲ್ಲ. ನನ್ನೊಡನೆ ಬಾವಿಗೆ ಬಂದ ಗೆಳೆಯನೊಬ್ಬ ಎರಡನೆಯ ದಿನವೇ ಹೆದರಿ ಓಡಿಹೋದ. ಮತ್ತೆ ಕಲಿಯಲಿಲ್ಲ. ಎರಡು ವರ್ಷದ ಮೇಲೆ, ಕೆರೆ ತುಂಬಿದ ಮಳೆಗಾಲದಲ್ಲಿ, ಎಮ್ಮೆಯ ಮೈ ತೊಳೆಯಲು ಹೋದವನು ಹಿಂದಿರುಗಲಿಲ್ಲ. ನಾನು ಏರಿಯ ಮೇಲೆಯೇ ಇದ್ದೆ. ಕೂಗು ಕೇಳಲಿಲ್ಲ. ಮುಳುಗುವವರು ಕೂಗಿ ಕರೆಯುತ್ತಾರೆಂದು ಕಥೆಗಳಲ್ಲಿ ಓದುತ್ತೇವೆ. ಉಸಿರಾಟಕ್ಕೇ ಬಿಡುವಿಲ್ಲದ ಬಾಯಿ ಕೂಗುವುದೆಲ್ಲಿಂದ? ನೀರಿನ ಸಾವು ಬಹುಮಟ್ಟಿಗೆ ಮೌನವಾದ ಸಾವು.

ಆದುದರಿಂದ ನಮ್ಮ ತಂಡದ ಮೊದಲ ಪಾಠ ಕೈಕಾಲು ಬಡಿಯುವುದಲ್ಲ, ಉಸಿರು ಬಿಡುವುದು. ಮುಖವನ್ನು ನೀರಿನಲ್ಲಿಟ್ಟು ಗುಳ್ಳೆ ಊದುವುದು. ಹೆದರಿದ ಮಗು ಉಸಿರನ್ನು ಬಿಗಿಹಿಡಿಯುತ್ತದೆ. ತಲೆಯೆತ್ತಿದ ಅರೆಕ್ಷಣದಲ್ಲಿ ಹಳೆಯ ಉಸಿರನ್ನು ಬಿಟ್ಟು ಹೊಸದನ್ನೂ ಎಳೆಯಹೋಗಿ, ಎರಡೂ ಆಗದೆ ಕಂಗೆಡುತ್ತದೆ. ನೀರೊಳಗೆ ಬಿಟ್ಟು, ಮೇಲೆ ಬಂದಾಗ ಎಳೆದುಕೊಳ್ಳುವುದನ್ನು ಕಲಿತ ಮಗುವಿಗೆ ಅರ್ಧ ಈಜು ಬಂದಂತೆ. ಎರಡನೆಯ ಪಾಠ, ತಲೆಯನ್ನು ನೀರಿಗೆ ಒಪ್ಪಿಸುವುದು. ಎದೆಗೂಡಿನಲ್ಲಿ ಗಾಳಿ ತುಂಬಿರುವಾಗ ನಮ್ಮ ದೇಹ ಸಾಮಾನ್ಯವಾಗಿ ನೀರಿಗಿಂತ ತುಸುವೇ ಹಗುರ. ಆ ತುಸುವನ್ನು ನಂಬಿ ತಲೆ ತಗ್ಗಿಸಿದರೆ ತೇಲುತ್ತೇವೆ. ತಲೆಯನ್ನು ಮೇಲೆತ್ತಿದೊಡನೆ ಕಾಲು ಕೆಳಗಿಳಿಯುತ್ತದೆ. ಮುಳುಗುವ ಭಯದಿಂದ ತಲೆಯೆತ್ತುವವನೇ ಮುಳುಗುತ್ತಾನೆ. ಇದು ಮಾತಿನಿಂದ ಕಲಿಸಬಹುದಾದ ಪಾಠವಲ್ಲ. ಮಗುವಿನ ಬೆನ್ನಿನ ಕೆಳಗೆ ನನ್ನ ಅಂಗೈ ಇರಬೇಕು. ಅಂಗೈಯನ್ನು ಒಂದು ದಿನ ತೆಗೆಯಲೂ ಬೇಕು. ಆದರೆ ಹೇಳಿಯೇ ತೆಗೆಯುತ್ತೇನೆ. ಹೇಳದೆ ತೆಗೆದರೆ ಅದು ಸೋದರಮಾವನ ನೂಕಿನ ಇನ್ನೊಂದು ರೂಪವೇ ಆಗುತ್ತದೆ.

ಇಷ್ಟೆಲ್ಲ ತಿಳಿದಿದ್ದೂ ನಾನೊಮ್ಮೆ ತಪ್ಪಿದೆ. ಅದನ್ನು ತಮ್ಮ ಮುಂದೆ ಹೇಳುವುದೇ ಈ ಭಾಷಣದ ಉದ್ದೇಶ.

ಈಜಿನಲ್ಲಿ ನಮ್ಮ ನಾಡಿನ ಹೆಸರು ಸಣ್ಣದಲ್ಲ. ಬೆಂಗಳೂರಿನ ಕೊಳಗಳಲ್ಲಿ ಪಳಗಿದ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿಗೂ, ಗಗನ್ ಉಳ್ಳಾಲಮಠ 2012ರ ಲಂಡನ್ನಿಗೂ, ಶ್ರೀಹರಿ ನಟರಾಜ್ 2021ರಲ್ಲಿ ನಡೆದ ಟೋಕಿಯೋ ಕೂಟಕ್ಕೂ ಹೋದರು. 2024ರಲ್ಲಿ ಧಿನಿಧಿ ದೇಸಿಂಗು ತನ್ನ 14ನೆಯ ವಯಸ್ಸಿನಲ್ಲೇ ಪ್ಯಾರಿಸ್ಸಿನ ನೀರಿಗಿಳಿದಳು. ಇಂಥ ಹೆಸರುಗಳು ಕೊಳದ ದಡದಲ್ಲಿ ಕುಳಿತ ತಂದೆತಾಯಿಗಳ ನಾಲಗೆಯ ಮೇಲೆ ಸದಾ ಇರುತ್ತವೆ. ಕೇಳುತ್ತ ಕೇಳುತ್ತ ನನ್ನ ಕೈಯ ಗಡಿಯಾರಕ್ಕೂ ಜ್ವರ ಬಂದಿತು.

ಆ ವರ್ಷ ಸ್ನೇಹಪಂದ್ಯದ ಕೊನೆಯ ಸ್ಪರ್ಧೆ ನಾಲ್ವರ ಮೆಡ್ಲೆ ರಿಲೆ. ಮೊದಲು ಬ್ಯಾಕ್ ಸ್ಟ್ರೋಕ್, ಅನಂತರ ಕಪ್ಪೆಯಂತೆ ಈಜುವ ಬ್ರೆಸ್ಟ್ ಸ್ಟ್ರೋಕ್, ಮೂರನೆಯದು ಬಟರ್‌ಫ್ಲೈ, ಕೊನೆಗೆ ಫ್ರೀ ಸ್ಟೈಲ್. ಎರಡನೆಯ ಸರದಿ ಹತ್ತು ವರ್ಷದ ಹುಡುಗಿಯೊಬ್ಬಳದು. ಎರಡು ಮಾರು ಹಿಂದಿದ್ದ ನಮ್ಮ ತಂಡವನ್ನು ಆಕೆ ಮುಂದೆ ತಂದಳು. ಒಂದು ಕೈಯಿಂದ ಗೋಡೆಯನ್ನು ಮುಟ್ಟಿದಳು. ಬ್ರೆಸ್ಟ್ ಸ್ಟ್ರೋಕಿನಲ್ಲಿ ಎರಡು ಕೈಗಳೂ ಒಟ್ಟಿಗೆ ಗೋಡೆಯನ್ನು ಮುಟ್ಟಬೇಕೆಂಬುದು ನಿಯಮ. ತಂಡ ಅನರ್ಹವಾಯಿತು. ಎಲ್ಲರ ಎದುರಿನಲ್ಲಿ ನಾನು ಗದರಿದೆ: “ಎರಡೂ ಕೈ ಎಂದು ಎಷ್ಟು ಸಲ ಹೇಳಿದ್ದೆ?” ಆಕೆ ಅಳಲಿಲ್ಲ. ಟವೆಲನ್ನು ತಲೆಯ ಮೇಲೆ ಹೊದ್ದು ಹೊರಟುಹೋದಳು. ಮುಂದಿನ ಬೇಸಿಗೆಗೆ ಬರಲಿಲ್ಲ.

ಬಾರದಿದ್ದರೆ ನಷ್ಟ ತಂಡಕ್ಕೆ ತಾನೇ ಎಂದು ಮೊದಲು ಅಂದುಕೊಂಡೆ. ಮಳೆಗಾಲ ಹತ್ತಿರವಾದಂತೆ ನಿದ್ದೆ ಕೆಟ್ಟಿತು. 25 ಮೀಟರ್ ಈಜಬಲ್ಲ ಮಗು ತನಗೆ ಈಜು ಬರುತ್ತದೆಂದು ನಂಬಿರುತ್ತದೆ. ಆದರೆ ಕೆರೆಗೆ ನಾಲ್ಕು ಗೋಡೆಗಳಿಲ್ಲ, ತಳ ಕಾಣುವುದಿಲ್ಲ, ಹೂಳಿದೆ, ಜೊಂಡಿದೆ. ಏನೂ ಬಾರದವನನ್ನು ಭಯವಾದರೂ ಕಾಯುತ್ತದೆ. ಅರ್ಧ ಕಲಿತವರನ್ನು ಕಾಯುವುದಕ್ಕೆ ಭಯವೂ ಇಲ್ಲ, ವಿದ್ಯೆಯೂ ಇಲ್ಲ. ಅವಳನ್ನು ಆ ನಡುನೀರಿನಲ್ಲಿ ಬಿಟ್ಟವನು ನಾನು. ಕೆರೆಯ ಏರಿಯ ಮೇಲೆ ಮತ್ತೊಮ್ಮೆ ನಿಂತಂತಾಯಿತು.

ಅವರ ಮನೆಗೆ ಹೋದೆ. ತಪ್ಪಾಯಿತೆಂದು ಹೇಳಿದೆ. ಹತ್ತು ವರ್ಷದವರೊಡನೆ ಹಾಗೆ ಹೇಳುವುದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಸುಲಭವಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೆಲ್ಲುತ್ತೇವೆ ಅಂತ ಖುಷಿಯಾಯ್ತು ಮೇಷ್ಟ್ರೇ, ಇನ್ನೊಂದು ಕೈ ಮರೆತೇಹೋಯ್ತು” ಎಂದಳು. ಆ ಖುಷಿಗಾಗಿಯೇ ಅಲ್ಲವೆ ನಾವು ತಂಡ ಕಟ್ಟಿದ್ದು? “ಪಂದ್ಯಕ್ಕೆ ಬರಲ್ಲ, ಈಜಿಗೆ ಬರ್ತೀನಿ” ಎಂದು ಒಪ್ಪಿದಳು. ಬಂದಳು.

ಅಂದಿನಿಂದ ತಂಡದ ಕ್ರಮ ತುಸು ಬದಲಾಗಿದೆ. ಪಂದ್ಯ ಇದೆ, ಗಡಿಯಾರವೂ ಇದೆ. ಆದರೆ ಪಂದ್ಯಕ್ಕೆ ಮುಂಚೆ ಪ್ರತಿ ಮಗುವೂ ಇನ್ನೆರಡು ಪರೀಕ್ಷೆಗಳನ್ನು ಕೊಡಬೇಕು. ಮೊದಲನೆಯದು, ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು, ಎಲ್ಲಿಗೂ ಹೋಗದೆ, ಬೆನ್ನ ಮೇಲೆ ತೇಲುತ್ತ ಐದು ನಿಮಿಷ ಕಾಯುವುದು. ಎರಡನೆಯದು, ಮುಳುಗುವವನನ್ನು ಕಂಡರೆ ತಾನು ಧುಮುಕದೆ, ದೊಡ್ಡವರನ್ನು ಕೂಗುತ್ತ, ಹಗ್ಗವನ್ನೋ ದುಪಟ್ಟಾವನ್ನೋ ಉದ್ದನೆಯ ಕೋಲನ್ನೋ ದಡದಿಂದಲೇ ಚಾಚುವುದು. ಕಾಪಾಡಹೋದವನನ್ನು ಮುಳುಗುವವನು ಗಾಬರಿಯಲ್ಲಿ ತಬ್ಬಿಕೊಂಡು ಇಬ್ಬರೂ ಹೋದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ನಾಲ್ಕರಲ್ಲೊಂದು ಪಾಲು ಐದು ವರ್ಷ ತುಂಬದ ಕೂಸುಗಳು. ಈ ಲೆಕ್ಕದ ಮುಂದೆ ನಮ್ಮ ಗಡಿಯಾರದ ಅರೆಸೆಕೆಂಡಿಗೆ ಬೆಲೆಯೆಷ್ಟು?

ನಮ್ಮ ಪಂದ್ಯಗಳಲ್ಲಿ ಗೆದ್ದವರು ಬೇಗ ಮೇಲೇರುತ್ತಾರೆ. ಚಪ್ಪಾಳೆ ಮುಗಿಯುತ್ತದೆ. ಆಮೇಲೂ ಒಂದು ಮಗು ಕೊಳದ ನಡುವೆ ಕಾಲು ಬಡಿಯುತ್ತ ಬರುತ್ತಲೇ ಇರುತ್ತದೆ. ಕಳೆದ ಮೇ ತಿಂಗಳಲ್ಲಿ ಅಂಥ ಒಂದು ಮಗುವಿನ ಜೊತೆಜೊತೆಗೆ, ದಡದ ಮೇಲೆ, ಆ ಹುಡುಗಿ ನಡೆದು ಬರುತ್ತಿದ್ದುದನ್ನು ಕಂಡೆ. ಬಗ್ಗಿ ಬಗ್ಗಿ ಏನನ್ನೋ ಹೇಳುತ್ತಿದ್ದಳು. ಹತ್ತಿರ ಹೋಗಿ ಕೇಳಿದೆ. “ಉಸಿರು ಬಿಡು, ಉಸಿರು ಬಿಡು” ಎನ್ನುತ್ತಿದ್ದಳು.